ಸಾವಿರ ಮ್ಯಾನೇಜರು, ಒಂದು ತೂಗುಕುರ್ಚಿ

1951ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಬ್ರೌನ್ಸ್ ಅನ್ನೋ ಬೇಸ್‌ಬಾಲ್ ತಂಡ 154 ಪಂದ್ಯ ಆಡಿ 102 ಸೋತಿತು. ಇಷ್ಟು ಸೋತರೂ ಆಟದ ಮರ್ಯಾದೆ ಹೋಯಿತು ಅಂತ ಯಾರೂ ಬೊಬ್ಬೆ ಹಾಕಲಿಲ್ಲ. ಹಾಕಿದ್ದು ಅದು ಗೆದ್ದ ಒಂದು ಪಂದ್ಯದ ಬಗ್ಗೆ.

ಅವತ್ತು ಆಗಸ್ಟ್ 24. ಎದುರಾಳಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್. ತಂಡದ ಮಾಲೀಕ ಬಿಲ್ ವೀಕ್ ಮಹಾ ತರಲೆ. ಐದು ದಿನದ ಹಿಂದಷ್ಟೇ ಮೂರು ಅಡಿ ಏಳು ಅಂಗುಲದ ಎಡ್ಡಿ ಗೇಡಲ್‌ನ ಬೆನ್ನಿಗೆ 1/8 ಅಂತ ನಂಬರು ಹಾಕಿಸಿ ಬ್ಯಾಟ್ ಮಾಡೋಕೆ ಕಳಿಸಿದ್ದ. ಲೀಗ್ ಅಧ್ಯಕ್ಷರು ಮರುದಿನವೇ ಗೇಡಲ್‌ನ ಕರಾರು ರದ್ದು ಮಾಡಿದರು. ವೀಕ್ ಸುಮ್ನೆ ಕೂರಲಿಲ್ಲ. ಗ್ಯಾಲರಿಯವರು ಹೇಗೂ "ಅವನನ್ನ ತೆಗೀರಿ, ಇವನನ್ನ ಹಾಕಿ" ಅಂತ ಗಂಟಲು ಹರಿದುಕೊಳ್ತಾರೆ. ಹಾಗಾದರೆ ತಂಡವನ್ನ ಅವರೇ ನಡೆಸಲಿ, ಅಲ್ವಾ?

ಯಾರು ಆಡಬೇಕು ಅಂತ ಆರಿಸೋಕೆ ಪತ್ರಿಕೆಯಲ್ಲಿ ಮತಪತ್ರ ಅಚ್ಚಾಯಿತು. ಆಟದ ನಡುವೆ ತೀರ್ಮಾನ ಹೇಳೋಕೆ ಸಾವಿರಕ್ಕೂ ಜಾಸ್ತಿ ಮಂದಿಯ ಕೈಗೆ ಒಂದೊಂದು ರಟ್ಟು ಬಂತು. ಒಂದು ಮಗ್ಗುಲಲ್ಲಿ 'ಹೌದು', ಇನ್ನೊಂದರಲ್ಲಿ 'ಬೇಡ'. ಸಂಬಳ ತಗೊಳ್ಳೋ ಮ್ಯಾನೇಜರ್ ಜ್ಯಾಕ್ ಟೇಲರ್ ಏನು ಮಾಡಬೇಕು? ಅವರಿಗೆ ಒಂದು ತೂಗುಕುರ್ಚಿ ಹಾಕಿಕೊಟ್ಟರು. ಕಾಲಲ್ಲಿ ಮನೆ ಚಪ್ಪಲಿ, ಬಾಯಲ್ಲಿ ಪೈಪು. ಮಗಳ ಮದುವೆ ಮುಗಿಸಿ ಜಗಲಿ ಮೇಲೆ ಕೂತ ಯಜಮಾನರ ಹಾಗೆ ತೂಗುತ್ತಾ ಕೂತರು.

ಅಥ್ಲೆಟಿಕ್ಸ್‌ನ ದೊಡ್ಡವರಿಗೆ ಸಿಟ್ಟು ಬಂತು. ಇದು ಆಟಕ್ಕೇ ಅವಮಾನ! ತಮಾಷೆ ಅಂದರೆ, ಐವತ್ತು ವರ್ಷ ಅದೇ ಅಥ್ಲೆಟಿಕ್ಸ್ ತಂಡವನ್ನ ನಡೆಸಿದ್ದ ಕಾನಿ ಮ್ಯಾಕ್ ಎಂಬ ಹಿರಿಯರು ಗ್ಯಾಲರಿಯಲ್ಲೇ ಕೂತು, ಎಲ್ಲರ ಜತೆ ರಟ್ಟು ಎತ್ತುತ್ತಿದ್ದರು. ಅವರಿಗೇ ಅವಮಾನ ಆಗಲಿಲ್ಲ.

ಮೊದಲ ಇನಿಂಗ್ಸ್‌ನಲ್ಲೇ ಬ್ರೌನ್ಸ್ ಪಿಚರ್ (ಚೆಂಡು ಎಸೆಯೋನು) ನೆಡ್ ಗಾರ್ವರ್ ಮೂರು ರನ್ ಬಿಟ್ಟುಕೊಟ್ಟ. ಬೇಸ್‌ಗಳ ಮೇಲೆ ಇನ್ನೂ ಎದುರಾಳಿಗಳು ರನ್ನಿಗೆ ಓಡೋಕೆ ಕಾದು ನಿಂತಿದ್ದರು. ಗ್ಯಾಲರಿ ಕಡೆಗೆ ಫಲಕ ಎದ್ದಿತು: ಬೇರೆ ಪಿಚರ್‌ನ ತಯಾರು ಮಾಡೋಣವಾ? ಪಂಡಿತರಾಗಿದ್ದರೆ ಗಡ್ಡ ಕೆರೆದುಕೊಂಡು ಯೋಚಿಸುತ್ತಿದ್ದರು. ಜನ 'ಬೇಡ' ಎತ್ತಿದರು. ಮುಂದಿನ ಪ್ರಶ್ನೆ: ಫೀಲ್ಡರುಗಳು ಹಿಂದೆ ಸರಿದು ಡಬಲ್ ಪ್ಲೇಗೆ ಕಾಯಲಾ? 'ಹೌದು.' ಚೆಂಡು ನೆಲಕ್ಕೆ ಉರುಳಿ ಬಂತು. ಒಂದೇ ಏಟಿಗೆ ಇಬ್ಬರು ಔಟ್! ಆಮೇಲೆ ಗಾರ್ವರ್ ಒಂದು ರನ್ನೂ ಕೊಡಲಿಲ್ಲ. ಮತ ಹಾಕಿ ಜನ ತಂಡಕ್ಕೆ ಸೇರಿಸಿದ್ದ ಕ್ಯಾಚರ್ ಶೆರ್ಮ್ ಲಾಲರ್ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. ಬ್ರೌನ್ಸ್ 5-3ರಿಂದ ಗೆದ್ದಿತು.

ಗ್ಯಾಲರಿಯವರ ಮಾತು ಕೇಳಿ ಸೋತಿದ್ದರೆ ಎಲ್ಲರೂ ನಕ್ಕು ಮರೆಯುತ್ತಿದ್ದರು. ಗೆದ್ದದ್ದೇ ತಪ್ಪಾಯಿತು ನೋಡಿ. ದಾರಿಹೋಕರು ಎರಡು ತಾಸಿನಲ್ಲಿ ಮಾಡೋ ಕೆಲಸಕ್ಕೆ ವರ್ಷಪೂರ್ತಿ ಸಂಬಳ ಯಾಕೆ ಅಂತ ಯಾರಾದರೂ ಕೇಳಿಬಿಟ್ಟರೆ?

ಯಾರೂ ಕೇಳಲಿಲ್ಲ ಬಿಡಿ. ಮರುದಿನದಿಂದ ತಂಡ ಮತ್ತೆ ತಿಳಿದವರ ಕೈಗೆ ಹೋಯಿತು, ಕೊನೆಯ ಸ್ಥಾನದಲ್ಲೇ ಉಳಿಯಿತು. ವರ್ಷದ ಕೊನೆಗೆ ಟೇಲರ್ ಮನೆಗೆ ಹೋದರು. ಆ ಜಾಗಕ್ಕೆ ಆಟದ ದಿಗ್ಗಜ ರೋಜರ್ಸ್ ಹಾರ್ನ್ಸ್‌ಬಿ ಬಂದರು. 1952ರ ಋತು ಅರ್ಧಕ್ಕೆ ಬರೋ ಮೊದಲೇ ಅವರೂ ಮನೆಗೆ. 1954ಕ್ಕೆ ತಂಡವೇ ಗಂಟುಮೂಟೆ ಕಟ್ಟಿಕೊಂಡು ಬಾಲ್ಟಿಮೋರ್ ಸೇರಿತು.

ರಟ್ಟು ಎತ್ತಿದವರ ಲೆಕ್ಕ ಮಾತ್ರ ಹಾಗೇ ಇದೆ: ಆಡಿಸಿದ್ದು ಒಂದು, ಗೆದ್ದದ್ದು ಒಂದು, ತಗೊಂಡ ಸಂಬಳ ಸೊನ್ನೆ.