ದಾವಣಗೆರೆ ಮಕ್ಕಳ ಇಂಗ್ಲಿಷ್ ತಪ್ಪಿಗೆ ಕನ್ನಡದಲ್ಲೇ ಮದ್ದು

ಸಿಂಗಾಪುರದ ಓ ಲೆವೆಲ್ (ನಮ್ಮ ಎಸ್ಸೆಸ್ಸೆಲ್ಸಿ ಇದ್ದಂತೆ) ಇಂಗ್ಲಿಷ್ ಪರೀಕ್ಷೆಯ ಮೊದಲ ಪತ್ರಿಕೆ ಶುರುವಾಗುವುದೇ ತಪ್ಪು ಹುಡುಕುವುದರಿಂದ. ಹನ್ನೆರಡು ಸಾಲಿನ ಬರಹ ಕೊಟ್ಟಿರುತ್ತಾರೆ. ಮೊದಲ ಸಾಲು, ಕೊನೆಯ ಸಾಲು ಸರಿ. ನಡುವಿನ ಹತ್ತರಲ್ಲಿ ಎಂಟಕ್ಕೆ ಒಂದೊಂದು ವ್ಯಾಕರಣದ ತಪ್ಪು, ಎರಡು ಸಾಲು ಸರಿ. ಯಾವುದು ಸರಿ, ಯಾವುದು ತಪ್ಪು ಅಂತ ಮಕ್ಕಳೇ ಹೇಳಬೇಕು. 10 ಅಂಕ.

ಕ್ರಿಯಾಪದದ ಕಾಲ, ಏಕವಚನ ಬಹುವಚನ ಇಂಥವೇ ಅಲ್ಲಿ ಮತ್ತೆ ಮತ್ತೆ ಬರುವ ತಪ್ಪುಗಳು. ಕಾರಣ ಇದೆ. ಅಲ್ಲಿ ಹೆಚ್ಚಿನವರು ಚೀನೀ ಮೂಲದವರು, ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಹಾಗಾಗಿ ಅಲ್ಲಿನ ಬೀದಿ ಇಂಗ್ಲಿಷಿನಲ್ಲಿ ‘ಐ ಈಟ್ ಆಲ್ರೆಡಿ’ ಅಂದರೆ ‘ನಂದು ಊಟ ಆಯ್ತು’ ಅಂತ. ಒಳ್ಳೆ ಇಂಗ್ಲಿಷ್ ಮಾತಾಡಿ ಎಂದು ಸರ್ಕಾರವೇ 2000ದಲ್ಲಿ ಆಂದೋಲನ ಶುರು ಮಾಡಿದ್ದು ಈ ಬೀದಿ ಇಂಗ್ಲಿಷಿಗೆ ಹೆದರಿ. ಒಟ್ಟಿನಲ್ಲಿ ಅಲ್ಲಿನ ಮಕ್ಕಳ ಬಾಯಿಂದ ಬರುವ ತಪ್ಪೇ ಅಲ್ಲಿನ ಪ್ರಶ್ನೆಪತ್ರಿಕೆಗೂ ಬರುತ್ತದೆ.

ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಎಡಿಟಿಂಗ್ ಪ್ರಶ್ನೆ ಇದೆ. ಆದರೆ ಕೆಳಗೇ ಸುಳಿವು ಬರೆದಿರುತ್ತದೆ: ಕಾಗುಣಿತ ತಿದ್ದಿ, ಕ್ಯಾಪಿಟಲ್ ಅಕ್ಷರ ಬಳಸಿ. ಕಳ್ಳ ಯಾವ ಮನೆಯಲ್ಲಿದ್ದಾನೆ ಅಂತ ಹೇಳಿ ಪೊಲೀಸರನ್ನು ಕಳಿಸಿದ ಹಾಗೆ.

ಹಾಗಂತ ಸಿಂಗಾಪುರದ ವರ್ಕ್‌ಬುಕ್ಕನ್ನೇ ತಂದು ದಾವಣಗೆರೆ, ಚಿತ್ರದುರ್ಗದ ಹೈಸ್ಕೂಲಿನಲ್ಲಿ ಹಂಚಿದರೆ ಪ್ರಯೋಜನವಿಲ್ಲ. ಅಲ್ಲಿನ ಮಗು ಒಂದನೇ ತರಗತಿಯಿಂದ ಗಣಿತವನ್ನೂ ಮೂರನೆಯದರಿಂದ ವಿಜ್ಞಾನವನ್ನೂ ಇಂಗ್ಲಿಷಿನಲ್ಲೇ ಓದಿರುತ್ತದೆ. ಜಗಳೂರಿನ ಕನ್ನಡ ಮಾಧ್ಯಮದ ಮಗುವಿಗೆ ಅದು ದ್ವಿತೀಯ ಭಾಷೆ, ದಿನಕ್ಕೊಂದು ಪಿರಿಯಡ್. ತರಬೇಕಾದ್ದು ಆ ಉಪಾಯ ಮಾತ್ರ. ಸಾಲುಗಳನ್ನು ನಾವೇ ಕಟ್ಟಬೇಕು, ಅದೂ ಕನ್ನಡ ಮಾಡಿಸುವ ತಪ್ಪುಗಳಿಂದ.

ಶಾಂತಿಸಾಗರಕ್ಕೆ ಪ್ರವಾಸ ಹೋದ ಬಗ್ಗೆ ನಾಲ್ಕು ಸಾಲು ನೋಡಿ. ‘ಯೆಸ್ಟರ್ಡೇ ವಿ ಹ್ಯಾವ್ ಗಾನ್ ಟು ಶಾಂತಿಸಾಗರ.’ ಕನ್ನಡದಲ್ಲಿ ‘ನಿನ್ನೆ ಹೋಗಿದ್ದೀವಿ’ ಅನ್ನಬಹುದು. ಇಂಗ್ಲಿಷಿನಲ್ಲಿ ‘ನಿನ್ನೆ’ ಅಂತ ಹೊತ್ತು ಹೇಳಿದ ಮೇಲೆ ‘ಹ್ಯಾವ್’ ಬರುವಂತಿಲ್ಲ, ‘ವೆಂಟ್’ ಅನ್ನಬೇಕು. ‘ವಿ ಸಾ ಫೈವ್ ಬೋಟ್.’ ನಮಗೆ ‘ಐದು ಮರ, ಹತ್ತು ರೂಪಾಯಿ’ ಸಾಕು, ಐದು ಅಂದ ಮೇಲೆ ‘ಗಳು’ ಯಾಕೆ ಬೇಕು? ಇಂಗ್ಲಿಷಿನವರಿಗೆ ಬೇಕು. ‘ಮೈ ಫ್ರೆಂಡ್ ಈಸ್ ನೋಯಿಂಗ್ ಸ್ವಿಮ್ಮಿಂಗ್.’ ‘ಗೊತ್ತಿದೆ’ಯಲ್ಲಿರುವ ‘ಇದೆ’ ಮಗುವಿನ ಕೈಯಲ್ಲಿ ‘ಈಸ್’ ಬರೆಸುತ್ತದೆ. ‘ಇಟ್ ಈಸ್ ಎ ಓಲ್ಡ್ ಟ್ಯಾಂಕ್’ ಎಂಬ ನಾಲ್ಕನೆಯದರಲ್ಲಿ ಆರ್ಟಿಕಲ್ ತಪ್ಪು, ‘ಎ’ ಬದಲು ‘ಆ್ಯನ್’ ಬರಬೇಕು. ಇಂಥ ಎಂಟು ಸಾಲಿನ ನಡುವೆ ಎರಡು ಸರಿಯಾದವನ್ನು ಬೆರೆಸುವುದು ಮರೆಯಬಾರದು. ಎಲ್ಲದರಲ್ಲೂ ತಪ್ಪಿದೆ ಎಂದು ಗೊತ್ತಾದರೆ ಮಕ್ಕಳು ಓದುವುದನ್ನು ಬಿಟ್ಟು ಊಹಿಸಲು ಶುರು ಮಾಡುತ್ತಾರೆ.

ಆರ್ಟಿಕಲ್ ವಿಷಯದಲ್ಲಿ ಕನ್ನಡ ಲಿಪಿಯಂಥ ಮೇಷ್ಟ್ರು ಬೇರೆ ಇಲ್ಲ. ‘ಎ, ಇ, ಐ, ಓ, ಯು ಬಂದರೆ ಆ್ಯನ್’ ಎಂದು ಬಾಯಿಪಾಠ ಮಾಡಿಸಿದ ಮಗು ‘ಆ್ಯನ್ ಯೂನಿವರ್ಸಿಟಿ’ ಅಂತಲೇ ಬರೆಯುತ್ತದೆ. ಅದೇ ಪದವನ್ನು ಕನ್ನಡದಲ್ಲಿ ಬರೆಸಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿ: ಯಕಾರ, ‘ಎ’. ಅವರ್: ಸ್ವರ, ‘ಆ್ಯನ್’. ಎಮ್ಮೆಲ್ಲೆ: ಸ್ವರ, ‘ಆ್ಯನ್’. ಒನ್ ರುಪೀ ನೋಟು? ಬಾಯಲ್ಲಿ ಅದು ‘ವನ್’, ಆದ್ದರಿಂದ ‘ಎ’. ಇನ್ನೊಂದು ಕಡೆಯೂ ಎಡವುತ್ತದೆ. ನಮ್ಮ ಕಡೆ ‘ಯೆಂಜಿನಿಯರ್’, ‘ಯೆಲೆಕ್ಷನ್’ ಅನ್ನುತ್ತೇವಲ್ಲ, ಆ ಯಕಾರವನ್ನು ಮೊದಲು ಬಿಡಿಸಬೇಕು.

ಕರ್ಮಣಿ ಪ್ರಯೋಗ ಕಲಿಸುವಾಗ ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂಬ, ಯಾರೂ ಆಡದ ವಾಕ್ಯ ಇನ್ನೂ ಬೋರ್ಡ್ ಮೇಲೇರುತ್ತದೆ. ಪೇಪರಿನಲ್ಲಿ ದಿನಾ ಕಾಣುವ ‘ಲಾಯಿತು’ ಇದೆಯಲ್ಲ: ‘ವಾಣಿವಿಲಾಸ ಸಾಗರವನ್ನು 1907ರಲ್ಲಿ ಕಟ್ಟಿ ಮುಗಿಸಲಾಯಿತು.’ ಯಾರು ಕಟ್ಟಿದರು ಅನ್ನುವುದು ಇಲ್ಲಿ ಮುಖ್ಯವಲ್ಲ. ಇಂಗ್ಲಿಷಿನವರು ಪ್ಯಾಸಿವ್ ಬಳಸುವುದೂ ಹೆಚ್ಚಾಗಿ ಇಂಥ ಕಡೆಯೇ. ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರು ತಿಳಿಸುವುದು, ಕಷ್ಟವಾಗುವುದು ನಮ್ಮ ‘ಅಂತ’ದಿಂದ. ‘ರವಿ, ನಾನು ನಾಳೆ ಬರ್ತೀನಿ ಅಂತ ಹೇಳಿದ’ ಎಂಬಲ್ಲಿ ನಾನು ನಾನಾಗೇ, ನಾಳೆ ನಾಳೆಯಾಗೇ ಉಳಿಯುತ್ತವೆ. ಇಂಗ್ಲಿಷಿನಲ್ಲಿ ‘ದ್ಯಾಟ್’ ಬಂದ ಕೂಡಲೇ ಮಾತು ಅದನ್ನು ತಿಳಿಸುವವನ ಕಡೆ ತಿರುಗುತ್ತದೆ: ‘ನಾನು’ ‘ಅವನು’ ಆಗುತ್ತದೆ, ‘ನಾಳೆ’ ‘ಮರುದಿನ’ ಆಗುತ್ತದೆ. ಈ ವ್ಯತ್ಯಾಸ ಹೇಳದೆ ಬರೀ ಪಟ್ಟಿ ಕೊಟ್ಟರೆ ಪರೀಕ್ಷೆ ಮುಗಿದ ಮರುದಿನ ಎಲ್ಲ ಮರೆತುಹೋಗಿರುತ್ತದೆ.

ಇನ್ನು ಪ್ರಬಂಧ. ಓ ಲೆವೆಲ್‌ನಲ್ಲಿ 350ರಿಂದ 500 ಪದದ ಒಂದು ಪ್ರಬಂಧಕ್ಕೆ 30 ಅಂಕ. ನಮ್ಮಲ್ಲಿ ನಾಲ್ಕೈದು ಅಂಕ, ಅದಕ್ಕೇ ಗೈಡಿನ ‘ಪರಿಸರ ಮಾಲಿನ್ಯ’ ಬಾಯಿಪಾಠ. ಒಂದು ಸಾಲು ಮರೆತರೆ ಮುಂದಿನದೆಲ್ಲ ನಿಂತೇ ಹೋಗುತ್ತದೆ. ಅಲ್ಲಿ ಪ್ಯಾರಾಕ್ಕೆ ನಾಲ್ಕು ಮೆಟ್ಟಿಲು ಹೇಳಿಕೊಡುತ್ತಾರೆ: ವಿಷಯ, ವಿವರಣೆ, ಉದಾಹರಣೆ, ಮತ್ತೆ ವಿಷಯಕ್ಕೆ ಗಂಟು. ಈ ಕೊನೆಯ ಮೆಟ್ಟಿಲು ನನಗೆ ಅಷ್ಟು ಹಿಡಿಸದು. ಪ್ರತಿ ಪ್ಯಾರಾದ ಬಾಲಕ್ಕೂ ಒಂದು ‘ದೇರ್‌ಫೋರ್’ ಅಂಟಿಕೊಂಡು ಎಲ್ಲ ಮಕ್ಕಳ ಪ್ರಬಂಧವೂ ಒಂದೇ ಅಚ್ಚಿನಲ್ಲಿ ಬರುತ್ತದೆ. ಮೊದಲ ಮೂರು ಸಾಕು.

ವಿಷಯ ಊರಿನದಾಗಿರಲಿ. ‘ಮೆಕ್ಕೆಜೋಳವನ್ನು ರಸ್ತೆ ಮೇಲೆ ಒಣಗಿಸಬಹುದೇ?’ ಮೊದಲ ದಿನ ಹತ್ತು ನಿಮಿಷ ಕನ್ನಡದಲ್ಲೇ ಮಾತು, ಪರ ಮೂರು, ವಿರೋಧ ಮೂರು ಬೋರ್ಡ್ ಮೇಲೆ. ಉದಾಹರಣೆಗೆ ಗೈಡ್ ಬೇಕಿಲ್ಲ: ಬೆಂಬಲ ಬೆಲೆ ಖರೀದಿಯಲ್ಲಿ ತೇವಾಂಶ ಶೇಕಡಾ 14 ದಾಟಬಾರದು ಅನ್ನುವುದು ಎಷ್ಟೋ ಮಕ್ಕಳ ಮನೆಮಾತು. ಎರಡನೇ ದಿನ ಇಂಗ್ಲಿಷಿನಲ್ಲಿ ಐದೇ ವಾಕ್ಯ. ಇಲ್ಲಿ ಬರುವ ದೊಡ್ಡ ತಪ್ಪು ‘ಬಿಕಾಸ್’ನದು. ‘ಕಣ ಇಲ್ಲದ್ದರಿಂದ ರಸ್ತೆ ಮೇಲೆ ಒಣಗಿಸ್ತಾರೆ’ ಎಂಬುದನ್ನು ಮಗು ಅದೇ ಸಾಲಿನಲ್ಲಿ ಇಳಿಸಿ ‘ದೇ ಹ್ಯಾವ್ ನೋ ಯಾರ್ಡ್ ಬಿಕಾಸ್ ದೇ ಡ್ರೈ ಆನ್ ದ ರೋಡ್’ ಎಂದು ಕಾರಣ, ಕಾರ್ಯ ತಿರುಗುಮುರುಗು ಮಾಡುತ್ತದೆ. ‘ಬಿಕಾಸ್’ಗೆ ‘ಆದ್ದರಿಂದ’ ಅಂತ ಅರ್ಥ ಹೇಳಿದ್ದರ ಫಲ ಇದು. ‘ಬಿಕಾಸ್’ ಅಂದರೆ ‘ಯಾಕಂದ್ರೆ’, ‘ಸೋ’ ಅಂದರೆ ‘ಆದ್ದರಿಂದ’ ಎಂದು ಕೊಟ್ಟರೆ ವಾಕ್ಯ ತಾನೇ ಸರಿಹೋಗುತ್ತದೆ.

ತಿದ್ದುವುದಕ್ಕೆ ಸಮಯ ಎಲ್ಲಿ ಎಂಬ ಮೇಷ್ಟ್ರ ಪ್ರಶ್ನೆ ನ್ಯಾಯವಾದದ್ದು. 50 ನೋಟ್‌ಬುಕ್, ಒಂದಕ್ಕೆ ಐದು ನಿಮಿಷ ಹಿಡಿದರೂ ನಾಲ್ಕು ಗಂಟೆ ದಾಟುತ್ತದೆ. ಎಲ್ಲ ತಪ್ಪಿಗೂ ಕೆಂಪು ಶಾಯಿ ಬಳಿದರೆ ಮಗು ಅಂಕ ನೋಡಿ ಮುಚ್ಚಿಡುತ್ತದೆ. ವಾರಕ್ಕೆ ಎರಡೇ ಬಗೆಯ ತಪ್ಪು ನೋಡಿ. ಸಾಲಿನ ಪಕ್ಕದ ಮಾರ್ಜಿನ್ನಿನಲ್ಲಿ ‘ಕಾ’ ಅಂದರೆ ಕಾಲ, ‘ವ’ ಅಂದರೆ ವಚನ, ಅಷ್ಟೇ. ಸರಿಯುತ್ತರ ಬರೆಯಬೇಡಿ. ಒಂದೂವರೆ ನಿಮಿಷಕ್ಕೊಂದು ಪುಸ್ತಕ ಆಗುತ್ತದೆ, ಐವತ್ತಕ್ಕೆ ಒಂದೂಕಾಲು ಗಂಟೆ. ಮೂರನೇ ದಿನ ಮಗು ಆ ಸಾಲನ್ನು ಮಾತ್ರ ತಿದ್ದಿ ಕೆಳಗೆ ಮತ್ತೆ ಬರೆಯುತ್ತದೆ. ತಿದ್ದಿದ್ದನ್ನು ನೋಡಲು ಪಕ್ಕದ ಬೆಂಚಿನವರು ಸಾಕು.