ಆರೂವರೆ ಕೆಜಿ ಹೊತ್ತು ಮೂರನೇ ಮಹಡಿಗೆ

ನಿನ್ನೆ ಸಂಜೆ ಮಗಳ ಶಾಲೆ ಬ್ಯಾಗನ್ನು ಓಣಿಯ ಕಿರಾಣಿ ಅಂಗಡಿಗೆ ಒಯ್ದೆ. ತೊಗರಿ ಮೂಟೆ ತೂಗುವ ಕಾಂಟಾ ಮೇಲೆ ಇಟ್ಟೆ. 6 ಕೆಜಿ 400 ಗ್ರಾಂ. ಅಂಗಡಿಯವರಿಗೇ ನಂಬಿಕೆ ಬರಲಿಲ್ಲ, ಇಳಿಸಿ ಮತ್ತೆ ಇಟ್ಟರು. ಅಷ್ಟೇ ಬಂತು. ಆಮೇಲೆ ಮಗಳನ್ನೇ ನಿಲ್ಲಿಸಿದರು. 26 ಕೆಜಿ. ನಾಲ್ಕನೇ ಕ್ಲಾಸಿನ ಹುಡುಗಿ!

ಅನುಮಾನ ಬಂದಿದ್ದು ಅವಳ ನಡಿಗೆ ನೋಡಿ. ಶಾಲೆ ಮಕ್ಕಳನ್ನು ಕರೆತರುವ ಟಂಟಂ ಆಟೋದವರು ಮೇನ್ ರೋಡಿಗೆ ಇಳಿಸಿ ಹೋಗುತ್ತಾರೆ, ಅಲ್ಲಿಂದ ಮನೆಗೆ ಹತ್ತು ನಿಮಿಷದ ದಾರಿ. ಮೊನ್ನೆ ಸುಮ್ನೆ ಅವಳ ಹಿಂದೆ ಹಿಂದೆ ಬಂದೆ. ಕುತ್ತಿಗೆ ಮುಂದಕ್ಕೆ ಚಾಚಿದೆ, ಸೊಂಟ ಬಾಗಿದೆ, ಒಂದೊಂದು ಹೆಜ್ಜೆ ಗೇಣುದ್ದ. ಕಾಲು ಎತ್ತಿ ಇಡುತ್ತಿಲ್ಲ, ಬೂಟು ನೆಲಕ್ಕೆ ಉಜ್ಜುತ್ತಾ ಬರುತ್ತಿದೆ. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಬೆರಳುಗಳ ಬುಡ ಕೆಂಪಗೆ. "ಅಮ್ಮಾ, ಕಾಲು ಒತ್ತು" ಅಂತಾಳೆ. ಒಂಬತ್ತು ವರ್ಷದ ಕೂಸು ಕೇಳುವ ಮಾತಾ ಇದು? ಭಾನುವಾರ ಇದೇ ಹುಡುಗಿ ಅಂಗಳದ ಶಹಾಬಾದ್ ಪರಶಿ ಮೇಲೆ ಗಂಟೆಗಟ್ಟಲೆ ಕುಂಟಾಬಿಲ್ಲೆ ಆಡ್ತಾಳೆ. ಆಗ ನೋವು ಅನ್ನೋ ಮಾತೇ ಇಲ್ಲ.

ಡಾಕ್ಟರಿಗೆ ತೋರಿಸಿದೆ. ಬೆನ್ನಿನ ಭಾರ ಹಿಂದಕ್ಕೆ ಎಳೆಯುತ್ತೆ, ಬೀಳಬಾರದು ಅಂತ ಮಗು ಮುಂದಕ್ಕೆ ಬಾಗುತ್ತೆ, ಆಗ ಪಾದದ ಮುಂಭಾಗಕ್ಕೆ ಒತ್ತಡ ಜಾಸ್ತಿ ಬೀಳುತ್ತೆ ಅಂದರು. ಹೆಜ್ಜೆ ಚಿಕ್ಕದಾಗುವುದೂ, ಎರಡೂ ಕಾಲು ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುವುದೂ ಅದಕ್ಕೇ. ಆ ವಯಸ್ಸಿಗೆ ಪಾದದ ಎಲುಬು ಇನ್ನೂ ಬೆಳೆಯುತ್ತಿರುತ್ತೆ. ಔಷಧಿ ಏನೂ ಬರೆಯಲಿಲ್ಲ, ಬ್ಯಾಗ್ ಹಗುರ ಮಾಡಿ ಅಂದರು.

ಹಗುರ ಮಾಡೋದು ನಮ್ಮ ಕೈಯಲ್ಲಿದೆಯಾ? ಒಂದೊಂದು ವಿಷಯಕ್ಕೆ ಪಠ್ಯಪುಸ್ತಕ, ವರ್ಕ್‌ಬುಕ್, ಕ್ಲಾಸ್‌ವರ್ಕ್ ನೋಟ್‌ಬುಕ್, ಹೋಮ್‌ವರ್ಕ್ ನೋಟ್‌ಬುಕ್. ಒಂದು ಬಿಟ್ಟು ಹೋದರೆ ಡೈರಿಯಲ್ಲಿ ಕೆಂಪು ಇಂಕಿನ ಸಾಲು. ಹೆದರಿ ಮಗು ಎಲ್ಲವನ್ನೂ ತುಂಬಿಕೊಳ್ಳುತ್ತೆ. ಮೇಲೆ ನೀರಿನ ಬಾಟಲಿ. ಕಲಬುರಗಿ ಬಿಸಿಲಲ್ಲಿ ನೀರು ಕೊಡದೆ ಕಳಿಸೋಕಾಗುತ್ತಾ? ಶಾಲೆಯ ಟ್ಯಾಂಕ್ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಇಟ್ಟರೆ ಸುಡುತ್ತೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ ಭಾರ ಅಂತ ಶಾಲೆಯವರಿಗೆ ಗೊತ್ತಿಲ್ವಾ?

ಹೇಳೋಕೆ ಹೋದೆ. "ಟ್ರಾಲಿ ಬ್ಯಾಗ್ ತಗೊಳ್ಳಿ ಮೇಡಂ" ಅಂದರು. ಕ್ಲಾಸ್ ಇರೋದು ಮೂರನೇ ಮಹಡಿಯಲ್ಲಿ! ಮೆಟ್ಟಿಲ ಮೇಲೆ ಟ್ರಾಲಿ ಎಳೆಯೋದು ಹೇಗೆ?

ನಿಯಮ ಇಲ್ಲ ಅಂತಲ್ಲ. 2019ರಲ್ಲೇ ನಮ್ಮ ಸರ್ಕಾರ ಆದೇಶ ಮಾಡಿದೆ. ಮೂರರಿಂದ ಐದನೇ ಕ್ಲಾಸಿಗೆ 2ರಿಂದ 3 ಕೆಜಿ, ಮಗುವಿನ ತೂಕದ ಶೇ. 10ರಷ್ಟು ಮೀರಬಾರದು. ನನ್ನ ಮಗಳ ಲೆಕ್ಕಕ್ಕೆ 2 ಕೆಜಿ 600 ಗ್ರಾಂ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ, ಶಾಲೆಯಲ್ಲೇ ತೂಕದ ಯಂತ್ರ ಇಟ್ಟು ಆಗಾಗ ಬ್ಯಾಗ್ ತೂಗಬೇಕು ಅಂತ ಇದೆ. ನಾಲ್ಕು ವರ್ಷದಿಂದ ಆ ಶಾಲೆಯ ಬಾಗಿಲಿಗೆ ಹೋಗಿ ಬರ್ತಿದ್ದೀನಿ, ಅಂಥ ಯಂತ್ರ ಒಂದು ದಿನವೂ ನೋಡಿಲ್ಲ. 1989ರಲ್ಲಿ ಲೇಖಕ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಎದ್ದು ನಿಂತು ಇದೇ ಬ್ಯಾಗಿನ ಭಾರದ ಬಗ್ಗೆ ಮಾತಾಡಿದ್ದರು. ಆಗ ನಾನೇ ಪಾಟಿಚೀಲ ಹೊರುವ ಹುಡುಗಿ. ಒಂದು ಪಾಟಿ, ಎರಡು ಪುಸ್ತಕ ಇರ್ತಿತ್ತು, ಅಷ್ಟೇ. ಈಗ ನನ್ನ ಮಗಳು ಅದರ ಎಷ್ಟೋ ಪಟ್ಟು ಹೊರುತ್ತಿದ್ದಾಳೆ.

ನಾಳೆ ಸೋಮವಾರ, ಏಳು ಪೀರಿಯಡ್. ಈಗಲೇ ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇಟ್ಟು ಮಲಗಿದ್ದಾಳೆ. ಪಕ್ಕಕ್ಕೆ ಸರಿಸೋಣ ಅಂತ ಎತ್ತಿದೆ. ಒಂದು ಕೈಯಲ್ಲಿ ನನಗೇ ಆಗಲಿಲ್ಲ.