ಕಾಂಟೆಸ್ಸಾಗೆ ಚಳಿ ಹತ್ತಿದ್ದು

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರ್ ಇರುವ ಹಳೇ ಕಾರು ಆರ್‌ಸಿ ಪುಸ್ತಕದಲ್ಲಿ ಮಾತ್ರ ನಮ್ಮ ಹೆಸರಲ್ಲಿರುತ್ತದೆ. ಉಳಿದಂತೆ ಅದು ಊರವರ ಸ್ವತ್ತು. ನಂಬಿಕೆ ಇಲ್ಲದಿದ್ದರೆ ಶಿರಸಿ ಕಡೆಯ ಯಾವುದಾದರೂ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತು ನೋಡಿ. ಡೇರಿಗೆ ಹಾಲು ಹಾಕಲು ಹೊರಟವ ನಿಲ್ಲುತ್ತಾನೆ, ಅಡಿಕೆ ಮೂಟೆಯ ಪಿಕಪ್ ನಿಲ್ಲುತ್ತದೆ, ಬಸ್ಸು ತಪ್ಪಿಸಿಕೊಂಡವರಂತೂ ಹೇಗೂ ನಿಂತೇ ಇರುತ್ತಾರೆ. "ಚೋಕ್ ಎಳೆದು ನೋಡಿ." "ಜೆಟ್ಟಿನಲ್ಲಿ ಕಸ ಕೂತಿದೆ, ಊದಿ ಹಾಕಿ." "ಮೊದಲು ಪೆಟ್ರೋಲ್ ಇದೆಯಾ ನೋಡಿ ಮಾರಾಯ್ರೇ." ಯಾರೂ ಫೀಸು ಕೇಳುವುದಿಲ್ಲ. ಒಂದು ಕವಳ ಎಲೆ-ಅಡಿಕೆ ಕೊಟ್ಟರೆ ಸಾಕು.

ನನ್ನದು ಕಾಂಟೆಸ್ಸಾ. ಕಾರವಾರದಲ್ಲಿ ಸಮುದ್ರದ ಹತ್ತಿರ ಬಹಳ ವರ್ಷ ನಿಂತಿದ್ದ ಕಾರು, ಆಮೇಲೆ ನನ್ನ ಪಾಲಿಗೆ ಬಂತು. ನಾಲ್ಕು ಹೆಡ್‌ಲೈಟು, ಉದ್ದನೆ ಮೂತಿ. ಇದನ್ನು ಇಂಡಿಯಾದ ಮಸಲ್ ಕಾರ್ ಅಂತ ಕರೆಯುವವರಿದ್ದಾರೆ. ಅಮೆರಿಕದ ಅಸಲಿ ಮಸಲ್ ಕಾರು ಅಂದರೆ 1964ರ ಪಾಂಟಿಯಾಕ್ ಜಿಟಿಒ, 325 ಅಶ್ವಶಕ್ತಿ. ನಮ್ಮದು 1.8 ಲೀಟರಿನ ಇಸುಜು ಎಂಜಿನ್, 88 ಅಶ್ವಶಕ್ತಿ. ಅದರ ಕಾಲು ಭಾಗಕ್ಕಿಂತ ಒಂದು ಚೂರು ಜಾಸ್ತಿ. ಅದಕ್ಕೂ ಮೊದಲು, 1984ರಲ್ಲಿ ಕಾಂಟೆಸ್ಸಾ ಬಂದಾಗ ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ನನ್ನೇ ಇಷ್ಟು ದೊಡ್ಡ ಮೈಯೊಳಗೆ ಕೂರಿಸಿದ್ದರು. ಅದು ಘಟ್ಟ ಹತ್ತಿದ್ದು ಹೇಗೋ ದೇವರಿಗೇ ಗೊತ್ತು.

ನಮ್ಮದೂ ಘಟ್ಟ ಹತ್ತುತ್ತಿತ್ತು, ಮನಸ್ಸು ಬಂದರೆ. ಏಪ್ರಿಲ್ ತಿಂಗಳಲ್ಲಿ ಕುಮಟಾದಲ್ಲಿ ಮದುವೆ ಊಟ ಮುಗಿಸಿ, ಉರಿಬಿಸಿಲಲ್ಲಿ ದೇವಿಮನೆ ಘಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ಕಾರಣ ಸರಳ. ಹಳೇ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಎಂಜಿನ್ ಕಾದರೆ ಪಂಪೂ ಕಾಯುತ್ತದೆ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ, ಆವಿಯನ್ನು ಎಳೆಯುವ ತಾಕತ್ತು ಆ ಪಂಪಿಗೆ ಇಲ್ಲ. ಮದ್ದೂ ಸರಳ: ಪಂಪಿನ ಮೇಲೆ ಒದ್ದೆ ಬಟ್ಟೆ. ಒಮ್ಮೆ ಬಟ್ಟೆ ಸಿಗದೆ, ಭಾವನಿಗೆ ಮದುವೆಮನೆಯಲ್ಲಿ ಹೊದಿಸಿದ ಹೊಸ ಶಾಲನ್ನೇ ಕಸಿದುಕೊಂಡೆವು. ಬಾಟಲಿಯ ನೀರು ಖಾಲಿಯಾಗಿತ್ತು. ಇವಳ ಕೈಯಲ್ಲಿದ್ದದ್ದು ಮುರುಗಲ ಹಣ್ಣಿನ ಪಾನಕ. ಸುರಿದೆವು. ಶಾಲಿನಿಂದ ಬಿಸಿ ಹಬೆ ಎದ್ದು, ಪೆಟ್ರೋಲು, ಮುರುಗಲು, ಬೆಲ್ಲ ಮೂರೂ ಸೇರಿದ ಒಂದು ವಿಚಿತ್ರ ಪರಿಮಳ ಘಟ್ಟದ ತಿರುವಿನಲ್ಲೆಲ್ಲ ತುಂಬಿತು. ಸ್ವಲ್ಪ ಹೊತ್ತಿಗೆ ಕಾರು ಸ್ಟಾರ್ಟ್ ಆಯಿತು. ಕೆನೆ ಬಣ್ಣದ ಶಾಲು ಗುಲಾಬಿ ಆಗಿತ್ತು. ಭಾವ ಶಿರಸಿ ಮುಟ್ಟುವವರೆಗೆ ಮಾತಾಡಲಿಲ್ಲ.

ಆ ಮೌನ ತಡೆಯಲಾಗದೆ ಇಎಫ್‌ಐ, ಅಂದರೆ ಪೆಟ್ರೋಲನ್ನು ಲೆಕ್ಕ ಹಾಕಿ ಚಿಮ್ಮಿಸುವ ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್, ಹಾಕಿಸುವುದು ಅಂತ ತೀರ್ಮಾನವಾಯಿತು. ಕಾರ್ಬ್ಯುರೇಟರ್ ತೆಗೆದು ಅಲ್ಲಿ ಥ್ರಾಟಲ್ ಬಾಡಿ, ಇಂಜೆಕ್ಟರು, ನಾಲ್ಕಾರು ಸೆನ್ಸರು, ಇವೆಲ್ಲದರ ಮೇಲೆ ಯಜಮಾನಿಕೆ ಮಾಡಲು ಇಸಿಯು ಎಂಬ ಪುಟ್ಟ ಡಬ್ಬಿ. ಈಗ ಇದರಲ್ಲಿ ಹೊಸತೇನಿಲ್ಲ, 2020ರಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಸ್ಕೂಟರಿಗೂ ಇಂಜೆಕ್ಷನ್ ಬಂದಿದೆ. ಆದರೆ ನಮ್ಮ ಸಾಯ್ಬರಿಗೆ ಹೇಳುವವರು ಯಾರು?

ಸಾಯ್ಬರು ಅಂದರೆ ನಮ್ಮ ಮೆಕ್ಯಾನಿಕ್. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಯಾವ ವಾಲ್ವು ಅಳುತ್ತಿದೆ ಅಂತ ಹೇಳುವ ಮನುಷ್ಯ. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಾರೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳಿಯಾದರೆ ಕಮ್ಮಿ, ಬಿಸ್ಕತ್ ಬಣ್ಣ ಇದ್ದರೆ ಸರಿ. ಅವರನ್ನು ಒಪ್ಪಿಸೋಣ ಅಂತ ನಾನು ಓದಿಕೊಂಡು ಹೋಗಿ ಇತಿಹಾಸ ಶುರು ಮಾಡಿದೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಈಗಿನದಲ್ಲ ಸಾಯ್ಬರೇ, 1958ರಲ್ಲೇ ಅಮೆರಿಕದ ಕ್ರೈಸ್ಲರ್ ಕಂಪನಿ ಕೆಲವು ಕಾರಿಗೆ ಬೆಂಡಿಕ್ಸ್‌ನವರ ಎಲೆಕ್ಟ್ರೋಜೆಕ್ಟರ್ ಹಾಕಿತ್ತು ಅಂದೆ. "ಹೌದಾ? ಆಮೇಲೆ ಎಂತ ಆಯ್ತು?" ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅದು ಸರಿಯಾಗಿ ನಡೆಯದೆ, ಹೆಚ್ಚಿನ ಕಾರುಗಳಿಗೆ ವಾಪಸ್ ಕಾರ್ಬ್ಯುರೇಟರೇ ಹಾಕಿಕೊಟ್ಟರು ಅಂದೆ.

"ಮತ್ತೆ? ಅಮೆರಿಕದವರಿಗೇ ಬುದ್ಧಿ ಬಂತಲ್ಲ ಹೆಗಡೇರೇ."

ಆ ಪೇಟೆಂಟು ಮುಂದೆ ಬಾಷ್ ಕಂಪನಿಗೆ ಹೋಗಿ, 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಚೆನ್ನಾಗೇ ನಡೆಯಿತು ಅಂತ ನಾನು ಹೇಳುವಷ್ಟರಲ್ಲಿ ಅವರು ಇನ್ನೊಂದು ಕಾರಿನ ಕೆಳಗೆ ಹೋಗಿ ಮಲಗಿದ್ದರು.

ಕಿಟ್ ಬಂತು. ಅದರ ಬೆಲೆ ಇವಳಿಗೆ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಜೊತೆಗೆ ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗ ಬಂದ. ಸಾಯ್ಬರು ಅವನ ಕೈ ನೋಡಿದರು. ಉಗುರಲ್ಲಿ ಗ್ರೀಸ್ ಇರಲಿಲ್ಲ. ಅಲ್ಲಿಗೆ ಅವರ ಅಭಿಪ್ರಾಯ ಮುಗಿಯಿತು.

ಮೊದಲ ತಕರಾರು ಟ್ಯಾಂಕಿನದು. ಕಾರ್ಬ್ಯುರೇಟರಿಗೆ ಪೆಟ್ರೋಲ್ ತೊಟ್ಟಿಕ್ಕಿದರೂ ನಡೆಯುತ್ತದೆ, ಅರ್ಧ ಬಾರ್ ಒತ್ತಡ ಕೂಡ ಬೇಡ. ಇಂಜೆಕ್ಟರಿಗೆ 3 ಬಾರ್ ಹತ್ತಿರ ಬೇಕು. ಅದಕ್ಕೆ ಟ್ಯಾಂಕಿನ ಕಡೆಯೇ ಎಲೆಕ್ಟ್ರಿಕ್ ಪಂಪು, ಉಳಿದ ಪೆಟ್ರೋಲ್ ಹಿಂದಕ್ಕೆ ಬರಲು ಇನ್ನೊಂದು ಪೈಪು. ಟ್ಯಾಂಕ್ ಇಳಿಸಿ ಅಲ್ಲಾಡಿಸಿದರೆ ಒಳಗೆ ತುಕ್ಕಿನ ಚಕ್ಕೆ ಗಲಗಲ ಅಂದಿತು. ಇಂಜೆಕ್ಟರಿನ ತೂತು ಕೂದಲೆಳೆಯಷ್ಟು, ಅದರೊಳಗೆ ಇದು ಹೋದರೆ ಕಥೆ ಮುಗೀತು ಅಂದ ಹುಡುಗ. ತೊಳೆದದ್ದಾಯಿತು, ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದ್ದಾಯಿತು. ಹಳೇ ರಬ್ಬರ್ ಪೈಪುಗಳನ್ನೂ ಕಿತ್ತೆವು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಅವು ಊದಿ, ಬಿರಿದು ನಿಂತಿದ್ದವು. ಸೈಲೆನ್ಸರ್ ಪೈಪಿಗೆ ತೂತು ಹೊಡೆದು ಆಕ್ಸಿಜನ್ ಸೆನ್ಸರ್ ಕೂರಿಸಲು ಸಾಯ್ಬರು ಮುಖ ತಿರುಗಿಸಿಕೊಂಡೇ ವೆಲ್ಡಿಂಗ್ ಮಾಡಿದರು. ವೆಲ್ಡಿಂಗ್ ಮಾಡುವಾಗ ಎಲ್ಲರೂ ಮುಖ ತಿರುಗಿಸುತ್ತಾರೆ, ಆದರೆ ಇದು ಬೇರೆ ತರಹದ್ದು.

ಎಲ್ಲ ಜೋಡಿಸಿದ ಮೇಲೆ ಕೀ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಕೂಡಲೇ ಡಬ್ಬಿ ಸತ್ತು ಮತ್ತೆ ಹುಟ್ಟುತ್ತದೆ. ಹುಡುಗ ಲ್ಯಾಪ್‌ಟಾಪಿನಲ್ಲಿ ಅದೇನೇನೋ ಒತ್ತಿದ. ಸಾಯ್ಬರು ಮೂಲೆಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಕೊನೆಗೆ ಎದ್ದು ಬಂದು ಅರ್ತ್ ವೈರಿನ ಬೋಲ್ಟ್ ಬಿಚ್ಚಿದರು. ಕೆಳಗೆ ಪೇಂಟು, ಪೇಂಟಿನ ಕೆಳಗೆ ಕಾರವಾರದ ಉಪ್ಪುಗಾಳಿ ಬೆಳೆಸಿದ ತುಕ್ಕು. ಸ್ಯಾಂಡ್‌ಪೇಪರ್ ಹಾಕಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಚಾ ಲೋಟದ ಹತ್ತಿರ ವಾಪಸ್ ಹೋದರು. ಡಬ್ಬಿ ಮತ್ತೆ ಸಾಯಲಿಲ್ಲ. ಆಮೇಲೆ ಹುಡುಗ ಅವರನ್ನು "ಚಾಚಾ" ಅನ್ನತೊಡಗಿದ.

ಕಾರು ಮನೆಗೆ ಬಂತು. ಬೆಳಿಗ್ಗೆ ಚೋಕ್ ಇಲ್ಲ, ಆಕ್ಸಿಲರೇಟರ್ ತುಳಿಯುವುದಿಲ್ಲ, ಕೀ ತಿರುಗಿಸಿದರೆ ಸುಮ್ನೆ ಸ್ಟಾರ್ಟ್. ದೂಡಲು ಅಂತ ಪಂಚೆ ಎತ್ತಿ ಕಟ್ಟಿಕೊಂಡು ಬಂದಿದ್ದ ಪಕ್ಕದ ಮನೆಯವರು ನಿರಾಶೆಯಿಂದ ಪಂಚೆ ಇಳಿಸಿಕೊಂಡು ಹೋದರು.

ಮಳೆಗಾಲ ಶುರುವಾಗಿ ಒಂದು ಬೆಳಿಗ್ಗೆ ಕಾರು ಕಪ್ಪು ಹೊಗೆ ಕಾರಿತು. ಎಂಥಾ ಹೊಗೆ ಅಂದರೆ, ಜಗುಲಿಯಲ್ಲಿ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಇವಳು ಮತ್ತೆ ತೊಳೆಯಬೇಕಾಯಿತು, ತೊಳೆಯುತ್ತಾ ನನ್ನ ಮನೆತನದ ಬಗ್ಗೆ ನಾಲ್ಕು ಮಾತೂ ಆಡಿದಳು. ಹುಬ್ಬಳ್ಳಿ ಹುಡುಗನಿಗೆ ಫೋನ್ ಮಾಡಿದೆ. ಮೊಬೈಲ್ ಕನೆಕ್ಟ್ ಮಾಡಿ ಕೂಲೆಂಟ್ ಟೆಂಪರೇಚರ್ ಎಷ್ಟು ತೋರಿಸುತ್ತಿದೆ ಹೇಳಿ ಸರ್ ಅಂದ. ನೋಡಿದೆ. ಮೈನಸ್ 40.

ಪಕ್ಕದಲ್ಲಿ ಭಾವ ಇಣುಕಿದ. "ಎಂತದಾ ಭಾವಾ, ಶಿರಸಿಯಲ್ಲಿ ಚಳಿ ಹೌದು, ಆದ್ರೂ ಇಷ್ಟೆಲ್ಲ ಇಲ್ಲೆ."

ಎಂಜಿನ್ನಿನ ಬಿಸಿ ಅಳೆಯುವ ಆ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ವೈರೇ ತುಂಡಾದರೆ ಡಬ್ಬಿಯ ಲೆಕ್ಕದಲ್ಲಿ ಅದಕ್ಕಿಂತ ಚಳಿ ಇಲ್ಲ. ಪಾಪ, ಎಂಜಿನ್ ಹೆಪ್ಪುಗಟ್ಟಿದೆ ಅಂದುಕೊಂಡು ಅದು ಪೆಟ್ರೋಲ್ ಸುರಿದದ್ದೇ ಸುರಿದದ್ದು, ಮನೆಗೆ ಬಂದ ಅಳಿಯನಿಗೆ ಅತ್ತೆ ತುಪ್ಪ ಬಡಿಸಿದ ಹಾಗೆ. ಇಷ್ಟನ್ನು ಹುಡುಗ ನನಗೆ ಫೋನಿನಲ್ಲಿ ವಿವರಿಸುವಷ್ಟರಲ್ಲಿ ಸಾಯ್ಬರು ಬಂದಿಳಿದರು. ಹೊಗೆ ಮೂಸಿದರು, "ರಿಚ್ ಹೊಡೀತಾ ಉಂಟು, ಪೆಟ್ರೋಲ್ ಜಾಸ್ತಿ" ಅಂದರು, ವೈರಿನ ಗುಂಟ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ಇಲಿ. ಕಾರಿನ ಪಕ್ಕದಲ್ಲೇ ಅಡಿಕೆ ಚೀಲ ಪೇರಿಸಿಟ್ಟಿದ್ದರು ಅಪ್ಪಯ್ಯ. ಚೀಲ ಕಚ್ಚಿ ಬೇಜಾರಾದಾಗ ರುಚಿ ಬದಲಾವಣೆಗೆ ಅಂತ ಇಲಿ ಇಸಿಯು ವೈರಿಗೆ ಬಂದಿತ್ತು. ಸಾಯ್ಬರು ತುದಿ ಸುಲಿದು, ಹೊಸೆದು, ಟೇಪು ಸುತ್ತಿದರು. ಮೊಬೈಲಿನಲ್ಲಿ ಚಳಿ ಬಿಟ್ಟು 28 ಡಿಗ್ರಿ ಬಂತು. ಅವರು ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ, "ಇದು ನನ್ನ ಮೊಬೈಲಿಗೂ ಬರ್ತದಾ?" ಅಂದರು.

ಈಗ ಕಾರು ದೇವಿಮನೆ ಘಟ್ಟ ಹತ್ತುತ್ತದೆ. ನಿಲ್ಲುವುದೇ ಇಲ್ಲ. ಭಾವ ಮುಂಜಾಗ್ರತೆಗೆ ಹಳೇ ಟವೆಲ್ಲು, ನೀರಿನ ಬಾಟಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಿರುತ್ತಾನೆ, ಶಿರಸಿ ಬರುವಾಗ ಅವನಿಗೇ ಬೇಜಾರು. ಕಳೆದ ವಾರ ಅದೇ ದಾರಿಯಲ್ಲಿ, ಬಹಳ ಹೊತ್ತು ಯೋಚಿಸಿ ಕೇಳಿದ: "ಅಡಿಕೆಗೆ ಕೊಳೆ ಮದ್ದು ಹೊಡೆಯೋ ಪಂಪ್‌ಸೆಟ್ಟಿಗೂ ಇದನ್ನ ಹಾಕ್ಲಕ್ಕಾ? ಅದರ ಕಾರ್ಬ್ಯುರೇಟರ್ ಮಳೆಗಾಲದಲ್ಲಿ ಭಾರೀ ಕಾಡ್ತು."

ಸಾಯ್ಬರನ್ನು ಕೇಳು ಅಂದೆ. ಕೇಳಿಯಾಯಿತಂತೆ. ಅವರು ಹುಬ್ಬಳ್ಳಿಗೆ ಫೋನ್ ಮಾಡಿದ್ದಾರಂತೆ.